ಒಣಗಿದ ಹಡ್ಲಿಗೆ ನೀರು ಮರಳಿಸುವ ಬಗೆ

ಸಕಲೇಶಪುರ, ಮೂಡಿಗೆರೆ, ಆಲೂರಿನ ಸೀಮೆಯಲ್ಲಿ ಎರಡು ಗುಡ್ಡಗಳ ನಡುವಿನ ತಗ್ಗಿನಲ್ಲಿ, ಬೇಸಿಗೆಯಲ್ಲೂ ಕಾಲಿಟ್ಟರೆ ಕೆಸರು ಹಿಡಿದುಕೊಳ್ಳುವ ಜೌಗು ಗದ್ದೆಗೆ ಹಡ್ಲು ಎನ್ನುತ್ತೇವೆ. ಕರಾವಳಿಯಲ್ಲಿ ಹಡಿಲು ಎಂದರೆ ಬೀಳುಬಿಟ್ಟ ಗದ್ದೆ. ಈಗ ನಮ್ಮ ಹಡ್ಲುಗಳಿಗೂ ಆ ಅರ್ಥವೇ ಒಪ್ಪುವಂತಾಗಿರುವುದು ನೋವಿನ ಸಂಗತಿ. ಆಳು ಸಿಗದೆ, ಆನೆಯ ಕಾಟ ತಾಳಲಾಗದೆ, ಬತ್ತದ ಬೆಲೆ ಖರ್ಚಿಗೂ ಸಾಲದೆ ಗದ್ದೆಗಳು ಒಂದೊಂದಾಗಿ ಪಾಳುಬಿದ್ದವು. ಕೆಲವು ಶುಂಠಿಗೆ ಗುತ್ತಿಗೆ ಹೋದವು, ಕೆಲವಕ್ಕೆ ಅಡಿಕೆ ಬಂತು. ಎರಡು ಬೆಳೆಗೂ ಮೊದಲು ಮಾಡಿದ್ದು ಒಂದೇ ಕೆಲಸ, ಆಳವಾದ ಬಸಿಗಾಲುವೆ ತೆಗೆದು ನೀರನ್ನು ಹೊರಹಾಕಿದ್ದು. ಹಾಗಾಗಿ ಹಡ್ಲನ್ನು ಮತ್ತೆ ಸಾಗುವಳಿಗೆ ತರಬೇಕೆನ್ನುವವರು ಮೊದಲು ನೀರನ್ನು ನಿಲ್ಲಿಸಬೇಕು. ಬತ್ತದ ಮಾತು ಆಮೇಲೆ.

ಈ ಕ್ರಮವನ್ನು ಕಣ್ಣಾರೆ ಕಾಣಬೇಕೆಂದರೆ ಘಟ್ಟದ ಕೆಳಗಿನ ಗಜನಿ ಭೂಮಿಯನ್ನು ನೋಡಬೇಕು. ಕುಮಟಾ ತಾಲ್ಲೂಕಿನ ಅಘನಾಶಿನಿ ಅಳಿವೆಯ ಅಂಚಿನಲ್ಲಿ, ಮಣ್ಣಿನ ಕಟ್ಟೆಯ ಒಳಗೆ, ಮಳೆಗಾಲದಲ್ಲಿ ಕಗ್ಗ ಎಂಬ ಉಪ್ಪು ತಾಳುವ ಬತ್ತ ಬೆಳೆಯುತ್ತದೆ. ಕೊಯ್ಲಾದ ಮೇಲೆ ತೂಬಿನ ಹಲಗೆ ಎತ್ತಿ ಭರತದ ನೀರನ್ನು ಒಳಬಿಟ್ಟು, ಅದೇ ಗದ್ದೆಯಲ್ಲಿ ಸಿಗಡಿ, ಮೀನು ಹಿಡಿಯುತ್ತಾರೆ. ಕಟ್ಟೆ ಒಡೆದರೆ ಉಪ್ಪುನೀರು ಎಲ್ಲರ ಗದ್ದೆಗೂ ನುಗ್ಗುವುದರಿಂದ ಕಟ್ಟೆ ಕಾಯುವ ಕೆಲಸ ಊರಿನದು. ಆ ಅಳಿವೆ 2024ರ ಜನವರಿಯಲ್ಲಿ ರಾಮ್ಸಾರ್ ಪಟ್ಟಿಗೆ, ಅಂದರೆ ಜಾಗತಿಕ ಮಹತ್ವದ ಜೌಗುನೆಲಗಳ ಪಟ್ಟಿಗೆ ಸೇರಿತು. ನಮ್ಮ ಹಡ್ಲಿಗೆ ಭರತವಿಲ್ಲ, ಉಪ್ಪಿಲ್ಲ. ಆದರೆ ನೀರಿನ ನಂಟಿದೆ. ಸಕಲೇಶಪುರದ ಪಡುವಣ ಅಂಚಿನಲ್ಲಿ ಜಿನುಗಿದ ನೀರು ಕೆಂಪುಹೊಳೆಯ ದಾರಿ ಹಿಡಿದು, ಕುಮಾರಧಾರೆಯ ಮೂಲಕ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡಿ, ಮಂಗಳೂರಿನ ಅಳಿವೆಯನ್ನು ಮುಟ್ಟುತ್ತದೆ. ಮೂಡಣದ ನೀರು ಹೇಮಾವತಿಯಾಗಿ ಗೊರೂರಿನ ಅಣೆಕಟ್ಟೆಗೆ ಹೋಗುತ್ತದೆ.

ಮೊದಲು ನಡೆದು ನೋಡಿ

ಜೆಸಿಬಿ ಕರೆಸುವ ಮೊದಲು ಎರಡು ಸಲ ಹಡ್ಲಿನ ಉದ್ದಗಲ ನಡೆಯಬೇಕು, ಜುಲೈ ಮಳೆಯಲ್ಲಿ ಒಮ್ಮೆ, ಮಾರ್ಚ್ ಬಿಸಿಲಿನಲ್ಲಿ ಇನ್ನೊಮ್ಮೆ. ಮಳೆಯಲ್ಲಿ ನೀರು ಹರಿಯುವ ದಾರಿ ಕಾಣುತ್ತದೆ, ಬಿಸಿಲಿನಲ್ಲಿ ಒರತೆ ಎಲ್ಲಿದೆ ಎಂಬುದು ಕಾಣುತ್ತದೆ. ಗಿಡಗಳೂ ಸುಳಿವು ಕೊಡುತ್ತವೆ. ಮುಂಡುಗ, ಕೆಸ, ಜೊಂಡು ಹಸಿರಾಗಿರುವ ಕಡೆ ನೆಲದೊಳಗೆ ಇನ್ನೂ ನೀರಿದೆ. ಲಂಟಾನ ಹಬ್ಬಿರುವ ಕಡೆ ನೀರು ಕೆಳಗಿಳಿದು ಬಹಳ ಕಾಲವಾಗಿದೆ ಎಂದು ತಿಳಿಯಬಹುದು. ಇದೇ ಹೊತ್ತಿನಲ್ಲಿ ಪಹಣಿಯನ್ನೂ ಗ್ರಾಮ ನಕಾಶೆಯನ್ನೂ ತೆಗೆಸಿ ನೋಡಿ. ನಡುವಿನ ಹಳ್ಳ ‘ಬ’ ಖರಾಬಿನಲ್ಲಿದ್ದರೆ ಅದು ಸರ್ಕಾರದ್ದು, ಅದಕ್ಕೆ ಅಡ್ಡ ಕಟ್ಟುವಂತಿಲ್ಲ. ಕೆಳಗಿನ ಗದ್ದೆಯವರೊಡನೆ ಮಾತಾಡದೆ ಒಂದು ಹಾರೆಯನ್ನೂ ನೆಲಕ್ಕೆ ಹಾಕಬಾರದು. ಅವರ ಅಡಿಕೆಯ ಬುಡದಲ್ಲಿ ನೀರು ನಿಂತರೆ ಮುಂದಿನ ಹತ್ತು ವರ್ಷ ಮಾತು ನಿಲ್ಲುತ್ತದೆ.

ಬಸಿಗಾಲುವೆ ಮುಚ್ಚುವುದು

ಇಡೀ ಕೆಲಸದಲ್ಲಿ ಹೆಚ್ಚು ತಾಳ್ಮೆ ಬೇಡುವ ಭಾಗ ಇದು. ಕಾಲುವೆಯನ್ನು ಉದ್ದಕ್ಕೂ ತುಂಬಬೇಕಾಗಿಲ್ಲ. ಅಲ್ಲಲ್ಲಿ ಜೇಡಿಮಣ್ಣಿನ ಅಡ್ಡಗಟ್ಟೆ ಹಾಕಿದರೆ ಸಾಕು. ಮೇಲಿನ ತುದಿಯಿಂದ ಆರಂಭಿಸಿ ಕೆಳಕ್ಕೆ ಬನ್ನಿ. ಕಾಲುವೆಯ ತಳ ಸುಮಾರು ಒಂದು ಅಡಿ ಇಳಿದಾಗಲೆಲ್ಲ ಒಂದು ಕಟ್ಟೆ ಬರಬೇಕು. ಕೆಳಗಿನ ಕಟ್ಟೆಯ ಹಿಂದೆ ನಿಂತ ನೀರು ಮೇಲಿನ ಕಟ್ಟೆಯ ಬುಡವನ್ನು ಮುಟ್ಟುವಂತಿದ್ದರೆ ಲೆಕ್ಕ ಸರಿಯಾಗಿದೆ ಎಂದರ್ಥ. ಕಟ್ಟೆಯ ಎರಡು ತುದಿಗಳನ್ನು ದಡದೊಳಗೆ ಒಂದೂವರೆ ಅಡಿಯಾದರೂ ಕಚ್ಚಿಸಬೇಕು. ಮಣ್ಣನ್ನು ಅರ್ಧ ಅಡಿಯಷ್ಟು ಹಾಕಿ ತುಳಿದು, ಮತ್ತೆ ಅಷ್ಟೇ ಹಾಕಿ ತುಳಿಯಬೇಕು. ಮಳೆಗೆ ಮಣ್ಣು ಕುಸಿದು ಕೂರುವುದರಿಂದ ಗದ್ದೆಯ ಮಟ್ಟಕ್ಕಿಂತ ಒಂದು ಗೇಣು ಎತ್ತರವಾಗಿಯೇ ಬಿಡಿ, ಹೆಚ್ಚಾದ ನೀರು ಪಕ್ಕದ ಹುಲ್ಲಿನ ಮೇಲೆ ಹರಡಿ ಹೋಗುವಂತೆ ದಾರಿ ಮಾಡಿ.

ನಮ್ಮ ಮನೆಯ ಕೆಳಗಿನ ಹಡ್ಲಿನಲ್ಲಿ ಮೊದಲ ವರ್ಷ ನಾನು ಅವಸರಪಟ್ಟೆ. ಹತ್ತಿರದಲ್ಲೇ ಇತ್ತೆಂದು ಮರಳು ಬೆರೆತ ಮಣ್ಣನ್ನು ತುಂಬಿಸಿದೆ. ಜುಲೈಯ ಒಂದೇ ರಾತ್ರಿಯ ಮಳೆಗೆ ಮೂರು ಕಟ್ಟೆಗಳು ಕೊಚ್ಚಿಹೋದವು, ಆ ಮರಳು ಕೆಳಗಿನ ಮಡಿಯಲ್ಲಿ ಹರಡಿಕೊಂಡಿತು. ಕಾಲುವೆ ತೆಗೆದಾಗ ದಡಕ್ಕೆ ಎಸೆದಿದ್ದ ಕಪ್ಪು ಜೇಡಿ ಅಲ್ಲೇ ಬಿದ್ದಿತ್ತು. ಮರುವರ್ಷ ಅದನ್ನೇ ಎಳೆದು ಕಟ್ಟಿದ ಕಟ್ಟೆಗಳು ಇಂದಿಗೂ ನಿಂತಿವೆ.

ಬದು, ಗಂಡಿ, ಕೆಂಪು ನೀರು

ನೀರು ನಿಂತ ಮೇಲೆ ಬದುವಿನ ಸರದಿ. ಏಡಿಯ ಬಿಲಗಳನ್ನು ಮೇಲೆ ಮೆತ್ತಿ ಮುಚ್ಚಿದರೆ ಪ್ರಯೋಜನವಿಲ್ಲ. ಬಿಲದ ಕೊನೆಯವರೆಗೆ ಅಗೆದು ಕೆಸರು ತುಂಬಿ ತುಳಿಯಬೇಕು. ಬದುವಿನ ಹುಲ್ಲನ್ನು ಕತ್ತಿಯಿಂದ ಸವರಿ, ಕಳೆನಾಶಕ ಹೊಡೆಯಬೇಡಿ. ಬೇರು ಸತ್ತ ಬದು ಮಳೆಗೆ ನಿಲ್ಲುವುದಿಲ್ಲ. ನೀರು ಇಳಿಯುವ ಗಂಡಿಗೆ ಚಪ್ಪಡಿ ಕಲ್ಲು ಹಾಸಿದರೆ ಕೊರಕಲು ಬೀಳುವುದಿಲ್ಲ.

ಗುಡ್ಡದ ಬುಡದಲ್ಲಿ ಜಿನುಗುವ ನೀರಿನ ಮೇಲೆ ಎಣ್ಣೆಯಂಥ ಬಣ್ಣಬಣ್ಣದ ಪೊರೆ ಕಂಡರೆ ಒಂದು ಕಡ್ಡಿಯಿಂದ ಕಲಕಿ ನೋಡಿ. ಪೊರೆ ಚೂರುಚೂರಾಗಿ ಒಡೆದು ಹಾಗೇ ನಿಂತರೆ ಅದು ಕಬ್ಬಿಣ ತಿನ್ನುವ ಬ್ಯಾಕ್ಟೀರಿಯಾದ ಕೆಲಸ. ಸುತ್ತಿ ಮತ್ತೆ ಕೂಡಿಕೊಂಡರೆ ಮಾತ್ರ ಎಣ್ಣೆ. ಕಬ್ಬಿಣ ಹೆಚ್ಚಾದ ಗದ್ದೆಯಲ್ಲಿ ನಾಟಿಯಾದ ಕೆಲವು ವಾರಗಳಲ್ಲಿ ಕೆಳಗಿನ ಎಲೆಗಳ ಮೇಲೆ ಕಂದು ಚುಕ್ಕೆ ಕೂತು, ಬೇರು ಕಪ್ಪಾಗಿ, ಪೈರು ಗಿಡ್ಡಾಗುತ್ತದೆ. ಇದನ್ನು ರೋಗವೆಂದು ತಿಳಿದು ಔಷಧಿ ಹೊಡೆದವರು ಬಹಳ ಮಂದಿ. ಗುಡ್ಡದ ಬುಡಕ್ಕೆ ಒಂದು ಗೇಣು ಆಳದ ತೆಳು ಕಾಲುವೆ ತೆಗೆದು ಆ ಕೆಂಪು ನೀರನ್ನು ಬದಿಗೆ ತಿರುಗಿಸುವುದು, ನಡುವೆ ಒಂದೆರಡು ಸಲ ಗದ್ದೆಯ ನೀರು ಬಸಿದು ಮಣ್ಣಿಗೆ ಗಾಳಿಯಾಡಿಸುವುದು, ಮಣ್ಣು ಪರೀಕ್ಷೆಯ ಪ್ರಕಾರ ಸುಣ್ಣ ಮತ್ತು ಪೊಟ್ಯಾಷ್ ಕೊಡುವುದು ಇದಕ್ಕೆ ಪರಿಹಾರ. ಮಣ್ಣು ಪರೀಕ್ಷೆಗೆ ಮೂಡಿಗೆರೆಯ ಅಥವಾ ಹಾಸನ ಬಳಿಯ ಕಂದಲಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಬಹುದು.

ನಾಟಿ

ಶುಂಠಿ ಬೆಳೆದ ನೆಲವಾದರೆ ಮೊದಲ ಮಳೆಗೆ ಹಸಿರುಗೊಬ್ಬರದ ಗಿಡವಾದ ಡಯಾಂಚದ ಬೀಜವನ್ನು ಎಕರೆಗೆ 10ರಿಂದ 12 ಕಿಲೋ ಎರಚಿ, 45 ದಿನಕ್ಕೆ ಉತ್ತು ಕೆಸರಿಗೆ ಸೇರಿಸಿ. ತಳಿಯ ವಿಷಯದಲ್ಲಿ ದುಡುಕಬಾರದು. ಹಲವು ದಶಕಗಳಿಂದ ಮಲೆನಾಡಿಗೆ ಹೊಂದಿಕೊಂಡಿರುವ ಇಂಟಾನ್ ದೀರ್ಘಾವಧಿಯದು. ನೆರೆ ನಿಲ್ಲುವ ಕೆಳಗಿನ ಮಡಿಗಳಿಗೆ ಸಾಗರ, ಸೊರಬದ ಕಡೆಯ ನೆರೆಗುಳಿಯನ್ನು ಒಂದು ಮಡಿಯಲ್ಲಿ ಪರೀಕ್ಷಿಸಬಹುದು. ಆನೆ ಓಡಾಡುವ ಊರುಗಳಲ್ಲಿ ಅಕ್ಕಪಕ್ಕದವರೆಲ್ಲ ಒಂದೇ ಅವಧಿಯ ತಳಿ ಹಾಕಿ ಒಟ್ಟಿಗೆ ಕೊಯ್ಲು ಮುಗಿಸುವುದು ಮುಖ್ಯ. ಊರಲ್ಲಿ ಕೊನೆಗೆ ಉಳಿದ ಒಂಟಿ ಗದ್ದೆಯನ್ನು ಯಾರೂ ಕಾಯಲಾರರು.

ಮೀನಿಗೆ ದಾರಿ

ಮುಂಗಾರಿನ ಮೊದಲ ದೊಡ್ಡ ಮಳೆಗೆ ಹಳ್ಳದ ಮೀನುಗಳು ಮೊಟ್ಟೆಯಿಡಲು ನೀರಿಗೆ ಎದುರಾಗಿ ಗದ್ದೆಗೆ ಹತ್ತುತ್ತವೆ. ಹತ್ತುಮೀನು ಎಂಬ ಹೆಸರು ಬಂದದ್ದು ಅದರಿಂದಲೇ. ಗಂಡಿಯಿಂದ ನೀರು ನೇರ ಧುಮುಕುವಂತಿದ್ದರೆ ಅವು ಬುಡದಲ್ಲೇ ಉಳಿಯುತ್ತವೆ. ಕಲ್ಲುಗಳನ್ನು ಮೆಟ್ಟಿಲಿನಂತೆ ಜೋಡಿಸಿ ಇಳಿಜಾರು ಮಾಡಿಕೊಡಿ. ಆ ಮೊದಲ ವಾರ ಗಂಡಿಗೆ ಮೀನು ಹಿಡಿಯುವ ಕೂಣಿ ಒಡ್ಡದಿರುವುದು ಕಷ್ಟವೇ, ಹತ್ತುಮೀನಿನ ಸಾರಿನ ಆಸೆ ಎಲ್ಲರಿಗೂ ಇದೆ. ಆದರೂ ಮೊಟ್ಟೆ ತುಂಬಿದ ಮೀನನ್ನು ಹತ್ತಲು ಬಿಟ್ಟರೆ ಮಾತ್ರ ಮರುವರ್ಷಕ್ಕೆ ಮೀನು ಉಳಿಯುತ್ತದೆ. ಕೆಳಗಿನ ಮಡಿಯ ಮೂಲೆಯಲ್ಲಿ ಎರಡು ಮೂರು ಅಡಿ ಆಳದ ಗುಂಡಿ ಇದ್ದರೆ ನೀರು ಬಸಿದಾಗ ಮರಿಗಳು ಅಲ್ಲಿ ಸೇರುತ್ತವೆ. ಗದ್ದೆಗೆ ಕೀಟನಾಶಕ ಹೊಡೆದರೆ ಈ ಶ್ರಮವೆಲ್ಲ ವ್ಯರ್ಥ. ಡಿಸೆಂಬರಿನಿಂದ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪಿಂಗ್ ನೀರು ಹಡ್ಲಿಗೆ ಇಳಿಯದಂತೆಯೂ ನೋಡಿಕೊಳ್ಳಬೇಕು. ಆ ಹುಳಿನೀರು ಹಳ್ಳದ ಆಮ್ಲಜನಕವನ್ನು ಹೀರಿಬಿಡುತ್ತದೆ. ಅದನ್ನು ತೋಟದೊಳಗೇ ಪ್ರತ್ಯೇಕ ಗುಂಡಿಗಳಲ್ಲಿ ನಿಲ್ಲಿಸಿ ಸುಣ್ಣ ಹಾಕಿ ಸಂಸ್ಕರಿಸಬೇಕು.

ಕೊಯ್ಲಿನ ನಂತರ

ಗಜನಿಯವರು ಕೊಯ್ಲಾದ ಮೇಲೆ ನೀರನ್ನು ಒಳಗೆ ಬಿಡುತ್ತಾರೆ, ನಾವು ಇರುವ ನೀರನ್ನು ಹೊರಗೆ ಬಿಡದಿರಬೇಕು. ಮೇಲಿನ ಮಡಿಗಳಲ್ಲಿ ಉದ್ದೋ ಹೆಸರೋ ಹಾಕಿಕೊಳ್ಳಿ, ಕೆಳಗಿನ ಮಡಿಗಳ ಗಂಡಿ ಮಾತ್ರ ಮುಚ್ಚಿಯೇ ಇರಲಿ. ಫೆಬ್ರುವರಿಯಲ್ಲಿ ಕಾಫಿಗೆ ಹೂಮಳೆ ಬಾರದೆ ಸ್ಪ್ರಿಂಕ್ಲರ್ ಓಡಿಸುವಾಗ ಹಡ್ಲಿನ ಗುಂಡಿಗೆ ಪಂಪು ಇಳಿಸುವ ಆಸೆಯಾಗುತ್ತದೆ. ಒರತೆಯ ಕಣ್ಣಿಗೆ ಮಾತ್ರ ಪೈಪು ಹಾಕಬೇಡಿ. ಕಟ್ಟೆ ಹಾಕುವ ಮೊದಲೇ ಹಡ್ಲಿನ ಕೆಳತುದಿಯಲ್ಲಿ, ನೀರು ಹೊರಗೆ ಹರಿಯುವ ಕಡೆ, ಗೇಣು ಗೇಣಿಗೆ ಗುರುತು ಹಾಕಿದ ಒಂದು ಗೂಟ ನೆಟ್ಟು, ಜನವರಿಯಿಂದ ಪ್ರತಿ ಭಾನುವಾರ ನೀರಿನ ಮಟ್ಟವನ್ನು ಮನೆಯ ಕ್ಯಾಲೆಂಡರಿನಲ್ಲಿ ಬರೆದಿಡಿ, ಹರಿವು ನಿಂತ ದಿನವನ್ನೂ ಗುರುತು ಮಾಡಿ. ಆ ಕ್ಯಾಲೆಂಡರನ್ನು ಎಸೆಯದೆ ಇಟ್ಟುಕೊಂಡರೆ, ಎರಡು ವರ್ಷ ಕಳೆದ ಮೇಲೆ ಆ ದಿನ ಎಷ್ಟು ಮುಂದಕ್ಕೆ ಹೋಗಿದೆ ಎಂಬುದನ್ನು ನೋಡಿ ಇನ್ನೊಂದು ಕಟ್ಟೆ ಬೇಕೋ ಬೇಡವೋ ತೀರ್ಮಾನಿಸಬಹುದು.