ಕಡಲ ಗಾಳಿಯ ಫ್ಲ್ಯಾಟಿಗೆ ಗಿಡ ಆರಿಸಿದ್ದು ಹೀಗೆ

ನರ್ಸರಿಗೆ ಹೋಗುವ ಮೊದಲು ನಾನು ನೋಡಿದ್ದು ನಮ್ಮನೆ ಕಿಟಕಿಗಳನ್ನು. ಕಾರವಾರದಲ್ಲಿ ಸಮುದ್ರದ ಕಡೆ ಮುಖ ಮಾಡಿದ ಬಾಲ್ಕನಿ ನಮ್ಮದು. ಏಪ್ರಿಲ್‌ನಲ್ಲಿ ಮಧ್ಯಾಹ್ನದ ಮೇಲೆ ಅಲ್ಲಿ ಬರಿಗಾಲಲ್ಲಿ ನಿಲ್ಲಲಿಕ್ಕಾಗುವುದಿಲ್ಲ. ಜೂನ್ ಬಂತೆಂದರೆ ವಾರಗಟ್ಟಲೆ ಬಿಸಿಲಿಲ್ಲ, ಇರಚಲು ಹಾಲ್‌ನ ಬಾಗಿಲವರೆಗೆ. ಈ ಎರಡನ್ನೂ ತಡೆಯುವ ಗಿಡ ಯಾವುದು ಎಂಬುದೊಂದೇ ನನ್ನ ಲೆಕ್ಕ. ಜನವರಿಯಲ್ಲಿ ಅಂಗಡಿಯ ಎಲ್ಲ ಗಿಡವೂ ಚಂದವೇ ಕಾಣುತ್ತದೆ ಬಿಡಿ.

ಒಳಗಿನ ಬೆಳಕು ತಿಳಿಯಲಿಕ್ಕೆ ಬಿಳಿ ಹಾಳೆ ಸಾಕು. ಗಿಡ ಇಡುವ ಜಾಗದಲ್ಲಿ ಹಾಳೆ ಇಟ್ಟು, ಮಧ್ಯಾಹ್ನ ಗೇಣುದ್ದ ಮೇಲೆ ಕೈ ಹಿಡಿದೆ. ಬೆರಳುಗಳ ನೆರಳು ಬಿಡಿಬಿಡಿಯಾಗಿ ಬಿದ್ದರೆ ಒಳ್ಳೆ ಬೆಳಕು, ಮಸುಕಾಗಿ ಬಿದ್ದರೆ ಸಾಧಾರಣ. ನೆರಳೇ ಬೀಳದ ಮೂಲೆಗೆ ಚಪ್ಪಲಿ ಸ್ಟ್ಯಾಂಡ್ ಹಾಕಿದೆ. ಮೋಡ ಕವಿದ ದಿನ ಇನ್ನೊಮ್ಮೆ ಪರೀಕ್ಷೆ ಮಾಡಿದ ಮೇಲೇ ಗಿಡ ತಂದದ್ದು.

ಮಸುಕು ನೆರಳಿನ ಜಾಗಕ್ಕೆ ಸ್ನೇಕ್ ಪ್ಲಾಂಟ್ ಮತ್ತು ಝಡ್‌ಝಡ್ (ZZ) ಪ್ಲಾಂಟ್. ಝಡ್‌ಝಡ್ ಬುಡದಲ್ಲಿ ಆಲೂಗಡ್ಡೆಯಂಥ ಗಡ್ಡೆಗಳಿರುತ್ತವೆ, ನೀರನ್ನೆಲ್ಲ ಅಲ್ಲಿ ಕೂಡಿಟ್ಟುಕೊಳ್ಳುತ್ತದೆ. ಹಾಗಾಗಿ ಬಾಯಾರಿ ಸಾಯುವುದು ಅಪರೂಪ, ಕೊಳೆತು ಸಾಯುವುದೇ ಹೆಚ್ಚು. ಬೆರಳನ್ನು ಎರಡು ಗೆಣ್ಣು ಮಣ್ಣಿಗಿಳಿಸಿ, ತಳ ಒಣಗಿದ್ದರೆ ಮಾತ್ರ ನೀರು. ಪಕ್ಕದ ಮನೆಯವರು “ಅಕ್ಕಾ, ದಿನಾ ಒಂದು ಲೋಟ ಹಾಕ್ಲಾ?” ಎಂದು ಕೇಳಿದ್ದರು. ಜುಲೈಯಲ್ಲಿ ಇಡೀ ತಿಂಗಳು ಮುಟ್ಟದಿದ್ದರೂ ಅಡ್ಡಿಯಿಲ್ಲ ಅಂದೆ.

ಇಲ್ಲಿಯ ಚಿರೆಕಲ್ಲು ಮಣ್ಣು ಕುಂಡದಲ್ಲಿ ಒದ್ದೆಯಾದರೆ ಬಿಗಿದುಕೊಳ್ಳುತ್ತದೆ. ಅರ್ಧ ಮಣ್ಣಿಗೆ ಉಳಿದರ್ಧ ಗೊಬ್ಬರ, ಸ್ವಲ್ಪ ತೆಂಗಿನ ನಾರಿನ ಪುಡಿ, ಇದ್ದಿಲ ಚೂರು ಬೆರೆಸಿದೆ. ಬೀಚು ಎಷ್ಟೇ ಹತ್ತಿರವಿದ್ದರೂ ಅಲ್ಲಿಯ ಮರಳು ಬೇಡ, ಉಪ್ಪು.

ಉಪ್ಪಿನ ಕಾಟ ಗಾಳಿಯಿಂದಲೂ ಇದೆ. ಬಾಲ್ಕನಿಯ ಎಲೆ ಮೇಲೆ ಬೆರಳಾಡಿಸಿದರೆ ಅಂಟಂಟು, ತುದಿ ಕಂದು. ತೆಳು ಎಲೆಯವನ್ನು ಒಳಗಿಟ್ಟು, ಹೊರಗೆ ಲೋಳೆಸರ, ನಿತ್ಯಪುಷ್ಪ, ಕಾಗದದ ಹೂವು ಇಟ್ಟೆ. ವಾರಕ್ಕೊಮ್ಮೆ ಎಲೆ ತೊಳೆಯುತ್ತೇನೆ. ಮಳೆ ಶುರುವಾದರೆ ಲೋಳೆಸರವೂ ಒಳಗೆ.

ಗಾಳಿ ಶುದ್ಧ ಮಾಡುತ್ತದೆಂದು ಯಾವ ಗಿಡವನ್ನೂ ತರಲಿಲ್ಲ. ಹಾಗೆನ್ನುವವರು ಆಧಾರವಾಗಿ ತೋರಿಸುವ 1989ರ ನಾಸಾ ಪ್ರಯೋಗ ನಡೆದದ್ದು ಮುಚ್ಚಿದ ಪೆಟ್ಟಿಗೆಯೊಳಗೆ. ನಮ್ಮನೆಯಲ್ಲಿ ಕಿಟಕಿ ತೆಗೆದರೆ ಆಯಿತು. ಮನಿ ಪ್ಲಾಂಟ್, ಪೀಸ್ ಲಿಲಿ, ಝಡ್‌ಝಡ್ ಅಗಿದರೆ ಬಾಯಿ ಉರಿಯುತ್ತದೆ, ಎಲೆಯೊಳಗೆ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳಿವೆ. ಅಣ್ಣನ ಮಗು ಬರುವುದರಿಂದ ಅವೆಲ್ಲ ಕಪಾಟಿನ ಮೇಲೆ. ಕೈಗೆಟುಕುವಲ್ಲಿ ಸ್ಪೈಡರ್ ಪ್ಲಾಂಟ್. ಅರೆಕಾ ಪಾಮ್‌ನಿಂದಲೂ ತೊಂದರೆಯಿಲ್ಲ, ಆದರೆ ಅಡಿಕೆ ತೋಟದಲ್ಲಿ ಬೆಳೆದವಳಿಗೆ ಅದಕ್ಕೆ ದುಡ್ಡು ಕೊಡಲು ಮನಸ್ಸು ಬರಲಿಲ್ಲ.

ಶಿರಸಿಯಿಂದ ಬಂದ ಆಯಿ ಎಲ್ಲ ನೋಡಿ, “ತಿನ್ನಲಿಕ್ಕೆ ಬರುವಂಥದ್ದು ಒಂದೂ ಇಲ್ವಲ್ಲೇ?” ಅಂದಳು. ಅಡುಗೆಮನೆ ಕಿಟಕಿಗೆ ದೊಡ್ಡಪತ್ರೆ, ಒಂದೆಲಗ ಬಂದದ್ದು ಹಾಗೆ. ಒಂದೆಲಗಕ್ಕೆ ಒದ್ದೆ ಮಣ್ಣೇ ಇಷ್ಟ, ದೊಡ್ಡಪತ್ರೆಗೆ ಅದಾಗದು. ಎರಡನ್ನೂ ಒಂದೇ ಕುಂಡಕ್ಕೆ ಹಾಕಬೇಡಿ. ತಂಬುಳಿಗೆ ಎರಡೂ ಆಗುತ್ತವೆ.

ಕುಂಡದಡಿಯ ತಟ್ಟೆಗಳನ್ನು ಮಾತ್ರ ಮಳೆಗಾಲ ಮುಗಿಯುವವರೆಗೆ ತೆಗೆದಿಡುತ್ತೇನೆ. ಡೆಂಗಿ ಸೊಳ್ಳೆ ಮೊಟ್ಟೆಯಿಂದ ಹಾರುವಷ್ಟಾಗಲು ನಿಂತ ನೀರಲ್ಲಿ ಎಂಟು-ಹತ್ತು ದಿನ ಸಾಕು.