ಇಂಗ್ಲೆಂಡಿನಲ್ಲಿ ವಿಲ್ ಇಲ್ಲದೆ ಗಂಡ ತೀರಿಕೊಂಡರೆ ಮನೆ ಯಾರಿಗೆ?

"ನನ್ನ ನಂತರ ಎಲ್ಲಾ ಅವಳಿಗೇ ತಾನೇ, ವಿಲ್ ಯಾಕೆ?" ಇಂಗ್ಲೆಂಡಿನಲ್ಲಿರುವ ನಮ್ಮವರ ಬಾಯಲ್ಲಿ ಈ ಮಾತು ಕೇಳುತ್ತಲೇ ಇರುತ್ತೇವೆ. ಮಕ್ಕಳಿಲ್ಲದಿದ್ದರೆ ಸರಿ, ಎಲ್ಲವೂ ಹೆಂಡತಿಗೇ. ಮಕ್ಕಳಿದ್ದರೆ ಲೆಕ್ಕವೇ ಬೇರೆ. ಮನೆಸಾಮಾನು, ಕಾರು, ಒಡವೆ ಹೆಂಡತಿಗೆ. ಜೊತೆಗೆ ಮೊದಲ 3.22 ಲಕ್ಷ ಪೌಂಡ್, ಉಳಿದದ್ದರಲ್ಲಿ ಅರ್ಧ. ಇನ್ನರ್ಧ ಮಕ್ಕಳಿಗೆ. ಹೆಂಡತಿ ಹೋಗಿ ಗಂಡ ಉಳಿದರೂ ಇದೇ ನಿಯಮ. ವೇಲ್ಸ್‌ನಲ್ಲೂ ಇದೇ, ಸ್ಕಾಟ್ಲೆಂಡಿನ ಕಾನೂನು ಬೇರೆ.

ಒಂದು ಲೆಕ್ಕ ಹಾಕಿ ನೋಡೋಣ. ಮನೆ ಗಂಡನೊಬ್ಬನ ಹೆಸರಿನಲ್ಲಿದೆ, ಸಾಲ ತೀರಿದೆ, ಬೆಲೆ 6 ಲಕ್ಷ ಪೌಂಡ್. ಬ್ಯಾಂಕಿನಲ್ಲಿ 1.22 ಲಕ್ಷ. ಒಟ್ಟು 7.22 ಲಕ್ಷ. ಹೆಂಡತಿಗೆ 3.22 ಲಕ್ಷದ ಮೇಲೆ ಇನ್ನೆರಡು ಲಕ್ಷ, ಅಂದರೆ 5.22 ಲಕ್ಷ. ಮನೆಯ ಬೆಲೆಗೇ 78,000 ಕಡಿಮೆ ಬಿತ್ತು! ವಾಸವಿದ್ದ ಮನೆಯನ್ನೇ ತನ್ನ ಪಾಲಿಗೆ ಕೊಡಿ ಎಂದು ಕೇಳುವ ಹಕ್ಕು ಅವಳಿಗಿದೆ. ಆದರೆ ಆ ವ್ಯತ್ಯಾಸವನ್ನು ಕೈಯಿಂದ ತುಂಬಬೇಕು. ಮಕ್ಕಳು ಚಿಕ್ಕವರಾದರೆ ಅವರ ಪಾಲು 18 ತುಂಬುವವರೆಗೆ ಟ್ರಸ್ಟ್‌ನಲ್ಲಿರುತ್ತದೆ. ಅಮ್ಮ ಅಂತ ಸುಮ್ನೆ ತೆಗೆದು ಖರ್ಚು ಮಾಡುವ ಹಾಗಿಲ್ಲ.

ಮನೆ ಇಬ್ಬರ ಹೆಸರಿನಲ್ಲೂ ಇದೆಯಾ? ಹೇಗಿದೆ ಅನ್ನುವುದೇ ಮುಖ್ಯ. 'ಜಾಯಿಂಟ್ ಟೆನೆಂಟ್ಸ್' (ಬಾಡಿಗೆದಾರರಲ್ಲ, ಪಾಲು ಬೇರೆ ಮಾಡದ ಜಂಟಿ ಮಾಲೀಕರು) ಆಗಿದ್ದರೆ ಇಡೀ ಮನೆ ನೇರವಾಗಿ ಉಳಿದವರಿಗೆ. ಮೇಲಿನ ಲೆಕ್ಕಕ್ಕೆ ಬರುವುದೇ ಇಲ್ಲ. 'ಟೆನೆಂಟ್ಸ್ ಇನ್ ಕಾಮನ್' (ಒಬ್ಬೊಬ್ಬರಿಗೂ ಬೇರೆ ಬೇರೆ ಪಾಲು) ಆಗಿದ್ದರೆ ತೀರಿಕೊಂಡವರ ಪಾಲು ಲೆಕ್ಕಕ್ಕೆ ಸೇರುತ್ತದೆ. ಲ್ಯಾಂಡ್ ರಿಜಿಸ್ಟ್ರಿಯಿಂದ ನಿಮ್ಮ ಮನೆಯ ದಾಖಲೆ ತೆಗೆಸಿ. ಒಬ್ಬರೇ ಮಾಲೀಕರು ಉಳಿದಾಗ ಮಾರಾಟಕ್ಕೆ ತಡೆ ಎಂಬರ್ಥದ ಸಾಲು ಅದರಲ್ಲಿದ್ದರೆ, ಸಾಮಾನ್ಯವಾಗಿ ಎರಡನೆಯ ಬಗೆ. ಮನೆ ಕೊಳ್ಳುವಾಗ ಸಾಲಿಸಿಟರ್ (ವಕೀಲರು) ಕೊಟ್ಟ ಫಾರಂನಲ್ಲಿ ಯಾವುದಕ್ಕೆ ಟಿಕ್ ಹಾಕಿದೆವು ಅಂತ ಯಾರಿಗೆ ನೆನಪಿರುತ್ತೆ, ಅಲ್ವಾ?

ಮದುವೆಯಾಗದೆ ಜೊತೆಗಿದ್ದವರಿಗೆ, ಎಷ್ಟೇ ವರ್ಷವಾಗಿರಲಿ, ಈ ನಿಯಮದಲ್ಲಿ ಪಾಲಿಲ್ಲ. ತೀರಿಕೊಂಡವರ ಆಸ್ತಿಯಿಂದ ಜೀವನಕ್ಕೆ ಆಸರೆ ಕೊಡಿಸಿ ಎಂದು 1975ರ ಕಾನೂನಿನಡಿ ಕೋರ್ಟಿಗೆ ಹೋಗಿ ಕೇಳಬಹುದು, ಅಷ್ಟೇ.

ಇನ್ನು ಊರಿನ ಸೈಟು. ಭಾರತದಲ್ಲಿರುವ ಜಮೀನು, ಮನೆಗೆ ಅಲ್ಲಿನ ಕಾನೂನೇ. ಗಂಡ ಹಿಂದೂ ಆಗಿದ್ದು ಸ್ವಂತ ದುಡ್ಡಿನಲ್ಲಿ ಕೊಂಡ ಸೈಟಿಗೆ ವಿಲ್ ಇಲ್ಲದಿದ್ದರೆ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ ಹೆಂಡತಿ, ಮಕ್ಕಳು, ಅವನ ತಾಯಿ ಎಲ್ಲರಿಗೂ ಸಮಪಾಲು. ಇಂಗ್ಲೆಂಡಿನ ಕಾನೂನಿನಲ್ಲಾದರೆ, ಹೆಂಡತಿ ಇದ್ದಾಗ ತಾಯಿಗೆ ಏನೂ ಇಲ್ಲ. ಹಾಗಾಗಿ ಎರಡೂ ಕಡೆ ವಿಲ್ ಬರೆಸುವವರು ಒಂದು ಮಾತು ಸಾಲಿಸಿಟರ್‌ಗೆ ಮೊದಲೇ ಹೇಳಿ. ಇಂಗ್ಲೆಂಡಿನ ವಿಲ್‌ನಲ್ಲಿ 'ಹಿಂದಿನ ಎಲ್ಲಾ ವಿಲ್‌ಗಳು ರದ್ದು' ಅಂತ ಬರೆಯುವುದು ವಾಡಿಕೆ. ಊರಿನಲ್ಲಿ ಬರೆಸಿಟ್ಟ ವಿಲ್ ಅದರ ಜೊತೆಗೇ ಹೋಗಿಬಿಡಬಹುದು.