ಕೋಲ, ತೆಯ್ಯಂ, ಬಯಲಾಟ: ರಾ ಇಡಬೇಕೆ, ಜೆಪೆಗ್ ಸಾಕೆ?

ಕ್ಯಾಮರಾದ ಮೆನುವಿನಲ್ಲಿ ಫೈಲಿನ ಬಗೆಯನ್ನು (ರಾ ಅಥವಾ ಜೆಪೆಗ್) ಆರಿಸುವ ಮುನ್ನ ಎರಡು ವಿಷಯಗಳನ್ನು ನಿರ್ಧರಿಸಿಕೊಳ್ಳಬೇಕು: ಚಿತ್ರ ತೆಗೆಯಲಿರುವ ಬೆಳಕು ಎಂಥದ್ದು, ತೆಗೆದ ಚಿತ್ರ ಎಷ್ಟು ಹೊತ್ತಿನೊಳಗೆ ಇನ್ನೊಬ್ಬರ ಕೈ ಸೇರಬೇಕು. ರಾ ಯಾವಾಗಲೂ ಮೇಲು ಎಂಬ ಮಾತು ಹವ್ಯಾಸಿಗಳಲ್ಲಿ ಬೇರೂರಿದೆ. ಆದರೆ ಹಗಲಿಗೆ ಬೇಕಲ ಕೋಟೆಯನ್ನೂ ರಾತ್ರಿಗೆ ಸೂಟೆಯ (ಪಂಜಿನ) ಬೆಳಕಿನಲ್ಲಿ ನಡೆಯುವ ದೈವಾರಾಧನೆಯ ಕುಣಿತವಾದ ತೆಯ್ಯವನ್ನೂ ಸೆರೆಹಿಡಿಯುವ ಕಾಸರಗೋಡಿನ ಛಾಯಾಗ್ರಾಹಕರು ಅದನ್ನು ಹಾಗೆಯೇ ಒಪ್ಪಬೇಕಾಗಿಲ್ಲ.

ರಾ ಫೈಲಿನಲ್ಲಿ ಸೆನ್ಸರ್ ಅಳೆದ ಬೆಳಕಿನ ಮಾಹಿತಿ ಬಹುಮಟ್ಟಿಗೆ ಹಾಗೆಯೇ ಉಳಿದಿರುತ್ತದೆ. ಜೆಪೆಗ್‌ನಲ್ಲಾದರೋ ಬಣ್ಣ, ಹರಿತ, ಕಾಂಟ್ರಾಸ್ಟ್ ಎಲ್ಲವನ್ನೂ ಕ್ಯಾಮರಾವೇ ತೀರ್ಮಾನಿಸಿ, ಫೈಲನ್ನು ಕುಗ್ಗಿಸಿ, ಮಿಕ್ಕ ಮಾಹಿತಿಯನ್ನು ಕೈಬಿಡುತ್ತದೆ. ಜೆಪೆಗ್ ಪ್ರತಿ ಬಣ್ಣಕ್ಕೆ 256 ಹಂತಗಳನ್ನಷ್ಟೇ ಇಟ್ಟುಕೊಂಡರೆ, 14 ಬಿಟ್‌ನ ರಾ 16,384 ಹಂತಗಳನ್ನು ದಾಖಲಿಸಬಲ್ಲದು. ಹಗಲಿನ ಸಮ ಬೆಳಕಿನಲ್ಲಿ, ಮುರಕಲ್ಲಿನ ಗೋಡೆಯನ್ನು ಸರಿಯಾದ ಎಕ್ಸ್‌ಪೋಷರಿನಲ್ಲಿ ತೆಗೆದಾಗ, ಈ ಅಂತರ ಕಣ್ಣಿಗೆ ಬೀಳುವುದು ಅಪರೂಪ. ಅಲ್ಲಿ ಜೆಪೆಗ್ ಧಾರಾಳವಾಗಿ ಸಾಕು.

ನಿಜವಾದ ಪರೀಕ್ಷೆ ಇರುವುದು ಬೆಂಕಿಯ ಬೆಳಕಿನಲ್ಲಿ. ಸೂಟೆಯ ಜ್ವಾಲೆಯ ಬಣ್ಣದ ತಾಪ (ಬೆಳಕು ಕೆಂಪಿನತ್ತ ಇದೆಯೋ ನೀಲಿಯತ್ತ ಇದೆಯೋ ಎಂಬುದರ ಅಳತೆ) ಸುಮಾರು 1,900 ಕೆಲ್ವಿನ್. ಅದರಲ್ಲಿ ಕೆಂಪು ಹೆಚ್ಚು, ನೀಲಿ ತೀರಾ ಕಡಿಮೆ. ತೆಯ್ಯದ ಉಡುಗೆ, ಮುಖವರ್ಣಿಕೆಗಳಲ್ಲಿಯೂ ಕೆಂಪೇ ಪ್ರಧಾನ. ಬೆಳಕಿಗೆ ತಕ್ಕಂತೆ ಬಣ್ಣಗಳನ್ನು ಸರಿದೂಗಿಸುವ ಹೊಂದಿಕೆಯೇ ವೈಟ್ ಬ್ಯಾಲೆನ್ಸ್. ಕ್ಯಾಮರಾ ಹಗಲಿನ ವೈಟ್ ಬ್ಯಾಲೆನ್ಸ್‌ನಲ್ಲಿದ್ದರೆ ಅದು ಕೆಂಪಿನ ಮೌಲ್ಯವನ್ನು ಇನ್ನಷ್ಟು ಹಿಗ್ಗಿಸುವುದರಿಂದ, ಜೆಪೆಗ್‌ನಲ್ಲಿ ಬಟ್ಟೆಯ ನೆರಿಗೆಗಳೆಲ್ಲ ಕರಗಿ ಒಂದೇ ಕೆಂಪು ಮುದ್ದೆಯಾಗುತ್ತವೆ. ಅದೇ ಕ್ಷಣದ ರಾ ಫೈಲಿನಲ್ಲಿ ಆ ನೆರಿಗೆಗಳು ಅನೇಕ ವೇಳೆ ಉಳಿದಿರುತ್ತವೆ, ಏಕೆಂದರೆ ಹಿಗ್ಗಿಸುವ ಕೆಲಸ ಅಲ್ಲಿ ಇನ್ನೂ ಆಗಿರುವುದಿಲ್ಲ. ಆದ್ದರಿಂದ ಕೋಲಕ್ಕೂ ತೆಯ್ಯಕ್ಕೂ ರಾ ಇಡುವುದೇ ಸರಿ.

ಹಾಗೆಂದು ರಾ ಎಲ್ಲವನ್ನೂ ಉಳಿಸುವುದಿಲ್ಲ. ಸೆನ್ಸರೇ ತುಂಬಿ ಹೋದ ಜಾಗದಲ್ಲಿ ಮರಳಿ ಪಡೆಯಲು ಏನೂ ಇರುವುದಿಲ್ಲ. ಮೂರು ಬಣ್ಣಗಳನ್ನು ಬೇರೆಬೇರೆಯಾಗಿ ತೋರಿಸುವ ಹಿಸ್ಟೋಗ್ರಾಂ (ಚಿತ್ರದಲ್ಲಿನ ಬೆಳಕಿನ ಹಂಚಿಕೆಯ ನಕ್ಷೆ) ನೋಡಿ, ಕೆಂಪಿನ ಗೆರೆ ಬಲ ಅಂಚಿಗೆ ಒತ್ತಿಕೊಂಡಿದ್ದರೆ ಎಕ್ಸ್‌ಪೋಷರನ್ನು ಒಂದು ಸ್ಟಾಪಿನವರೆಗೆ, ಎಂದರೆ ಬೆಳಕು ಅರ್ಧವಾಗುವವರೆಗೆ, ಇಳಿಸಬೇಕು. ರಾ ತೆಗೆಯುವಾಗಲೂ ಈ ಹಿಸ್ಟೋಗ್ರಾಂ ಸಾಮಾನ್ಯವಾಗಿ ಒಳಗಿನ ಜೆಪೆಗ್ ಮುನ್ನೋಟದಿಂದಲೇ ಬರುವುದರಿಂದ, ಅದು ಇರುವುದಕ್ಕಿಂತ ಹೆಚ್ಚಿನ ಅಪಾಯವನ್ನು ತೋರಿಸುವುದುಂಟು. ಜೆಪೆಗ್ ಅನಿವಾರ್ಯವಾದರೆ ವೈಟ್ ಬ್ಯಾಲೆನ್ಸನ್ನು 3,000 ಕೆಲ್ವಿನ್‌ನ ಆಸುಪಾಸಿನಲ್ಲಿ ಕೈಯಿಂದಲೇ ನಿಲ್ಲಿಸಿ. ಅದಕ್ಕಿಂತ ಬಹಳ ಕೆಳಗಿಳಿಸಿದರೆ ಬೆಂಕಿಯ ಬೆಚ್ಚಗಿನ ಕಳೆಯೇ ಮಾಯವಾಗುತ್ತದೆ, ಅದು ನನಗೆ ಒಪ್ಪಿಗೆಯಲ್ಲ.

ಯಕ್ಷಗಾನದ ಲೆಕ್ಕ ಬೇರೆ. ತೆಂಕುತಿಟ್ಟಿನ ಧೀಂಗಿಣವನ್ನು (ರಭಸದಿಂದ ಗಿರಕಿ ಹೊಡೆಯುವ ಕುಣಿತ) ಹಿಡಿಯಲು ಬಿಡುವಿಲ್ಲದೆ ಚಿತ್ರಗಳನ್ನು ತೆಗೆಯುತ್ತ ಹೋದರೆ, ರಾ ಫೈಲುಗಳಿಂದ ಕ್ಯಾಮರಾದ ಬಫರ್ (ಚಿತ್ರಗಳನ್ನು ಕಾರ್ಡಿಗೆ ಬರೆಯುವ ಮುನ್ನ ಇಟ್ಟುಕೊಳ್ಳುವ ತಾತ್ಕಾಲಿಕ ಜಾಗ) ಬೇಗನೆ ತುಂಬಿ, ಸರಿಯಾದ ಗಳಿಗೆಯಲ್ಲಿಯೇ ವೇಗ ಕುಸಿಯುತ್ತದೆ. ರಂಗಸ್ಥಳದ ದೀಪಗಳು ಆಟದುದ್ದಕ್ಕೂ ಬದಲಾಗದಿದ್ದರೆ ವೈಟ್ ಬ್ಯಾಲೆನ್ಸ್ ನಿಗದಿಪಡಿಸಿ ಜೆಪೆಗ್‌ನಲ್ಲಿಯೇ ತೆಗೆಯಬಹುದು. ಬೆಳಗಾಗುವಷ್ಟರಲ್ಲಿ ಪತ್ರಿಕೆಗೋ ಮೇಳಕ್ಕೋ ಚಿತ್ರ ಕಳುಹಿಸಬೇಕಾದವರಿಗೂ ಅದೇ ಅನುಕೂಲ. ಎರಡೂ ಬೇಕೆನ್ನುವವರು ರಾ ಮತ್ತು ಜೆಪೆಗ್ ಒಟ್ಟಿಗೆ ಉಳಿಯುವ ಆಯ್ಕೆಯನ್ನು ಬಳಸಬಹುದು, ಆದರೆ 24 ಮೆಗಾಪಿಕ್ಸೆಲ್ ಕ್ಯಾಮರಾದಲ್ಲಿ ರಾ ಒಂದೇ ಸುಮಾರು 25ರಿಂದ 30 ಎಂಬಿ ತೂಗುತ್ತದೆಂಬುದನ್ನು ನೆನಪಿಟ್ಟು ಕಾರ್ಡ್ ಕೊಳ್ಳಬೇಕು.

ರಾ ಫೈಲನ್ನು ತಿದ್ದಲು ಡಾರ್ಕ್‌ಟೇಬಲ್, ರಾಥೆರಪಿಗಳಂತಹ ಉಚಿತ ತಂತ್ರಾಂಶಗಳಿವೆ. ಹೊಸ ಮಾದರಿಯ ಕ್ಯಾಮರಾದ ರಾ ಹಳೆಯ ಆವೃತ್ತಿಗಳಲ್ಲಿ ತೆರೆದುಕೊಳ್ಳದಿರುವ ಸಾಧ್ಯತೆ ಇರುವುದರಿಂದ, ಕೋಲಕ್ಕೆ ಹೊರಡುವ ಮೊದಲೇ ಮನೆಯಲ್ಲಿ ಒಂದು ಚಿತ್ರ ತೆಗೆದು ನಿಮ್ಮ ಕಂಪ್ಯೂಟರಿನಲ್ಲಿ ಅದು ತೆರೆಯುತ್ತದೆಯೇ ಎಂದು ನೋಡಿಕೊಳ್ಳಿ.